ಲಿಯೋನಿನ ಒಂದು ಸೂ

ಪ್ರಶ್ನೆ: ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಕೆಲಸಕ್ಕೆ ಬರುವ ಕ್ಯಾಥೊಲಿಕ್ ಹೆಂಗಸೊಬ್ಬರು ಅಕ್ಟೋಬರ್ ಬಂತೆಂದರೆ ‘ಮಿಷನ್ ಸಂಡೆ’ಗೆ ಅಂತ ಕೂಲಿಯಲ್ಲಿ ಒಂದಿಷ್ಟು ತೆಗೆದಿಡುತ್ತಾರೆ. ಮಿಷನರಿಗಳಿಗೆ ಹೊರದೇಶದಿಂದ ದುಡ್ಡು ಬರುತ್ತದೆ ಅಂತ ಕೇಳಿದ್ದೆ, ಇಲ್ಲಿಂದಲೂ ಕೊಡುತ್ತಾರಾ? ಅದು ಯಾರ ಕೈ ಸೇರುತ್ತದೆ? ಕೊಡಲಾಗದವರು ಪ್ರಾರ್ಥನೆ ಮಾಡಿದರೂ ಸಾಕು ಅಂತಾರೆ. ಅದು ಬರೀ ಸಮಾಧಾನದ ಮಾತಲ್ಲವೆ?
— ಓದುಗರೊಬ್ಬರು, ಜಂಗಮಕೋಟೆ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಈ ಪ್ರಶ್ನೆ ರೇಷ್ಮೆ ಮನೆಯಿಂದಲೇ ಬಂದದ್ದು ನನಗೆ ಖುಷಿ ಕೊಟ್ಟಿತು. ಏಕೆಂದರೆ ನಿಮ್ಮ ಕೆಲಸದಾಕೆ ಪಾಲಿಸುತ್ತಿರುವ ಪದ್ಧತಿ ಹುಟ್ಟಿದ್ದೂ ರೇಷ್ಮೆ ಕೆಲಸದವರ ನಡುವೆಯೇ, ಫ್ರಾನ್ಸಿನ ಲಿಯೋನ್ ನಗರದಲ್ಲಿ.

ಪೋಲೀನ್ ಜಾರಿಕೊ ಎಂಬಾಕೆ ಅಲ್ಲಿನ ರೇಷ್ಮೆ ವ್ಯಾಪಾರಿಯ ಮಗಳು, ಹುಟ್ಟಿದ್ದು 1799ರಲ್ಲಿ. ಗುರುವಾಗಲು ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಅಣ್ಣ, ಏಷ್ಯಾಕ್ಕೆ ಪಾದ್ರಿಗಳನ್ನು ಕಳಿಸುವ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಕೈ ಬರಿದಾಗಿದೆ ಎಂದು ತಂಗಿಗೆ ತಿಳಿಸಿದ. ಆಕೆ ಸಾಹುಕಾರರ ಬಾಗಿಲು ತಟ್ಟಲಿಲ್ಲ. ರೇಷ್ಮೆ ಕೆಲಸದ ಹೆಣ್ಣುಮಕ್ಕಳನ್ನು ಹತ್ತತ್ತು ಜನರ ಗುಂಪು ಮಾಡಿದಳು. ತಲೆಗೆ ವಾರಕ್ಕೆ ಒಂದು ಸೂ. ಅಂಥ ಇಪ್ಪತ್ತು ಸೇರಿದರೆ ಒಂದು ಫ್ರಾಂಕ್. ಹತ್ತು ಗುಂಪಿಗೆ ಒಬ್ಬಳು, ನೂರು ಗುಂಪಿಗೆ ಇನ್ನೊಬ್ಬಳು ಲೆಕ್ಕ ನೋಡಿಕೊಳ್ಳುವವಳು. ನಮ್ಮ ಸ್ತ್ರೀಶಕ್ತಿ ಸಂಘಗಳ ವಾರದ ಉಳಿತಾಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ಲಿಯೋನಿನಲ್ಲಿ ಕಟ್ಟಿದ ದುಡ್ಡು ಕಟ್ಟಿದವಳಿಗೆ ತಿರುಗಿ ಬರುತ್ತಿರಲಿಲ್ಲ.

1822ರ ಮೇ 3ರಂದು ಇದು ವಿಧಿವತ್ತಾದ ಸಂಸ್ಥೆಯಾಯಿತು. ಮೊದಲ ವರ್ಷ ಕೂಡಿದ್ದನ್ನು ಮೂರು ಪಾಲು ಮಾಡಿದರು. ಎರಡು ಪಾಲು ಅಮೆರಿಕದ ಲೂಸಿಯಾನಾ ಮತ್ತು ಕೆಂಟಕಿಗೆ, ಒಂದು ಪಾಲು ಆ ಪ್ಯಾರಿಸ್ ಸಂಸ್ಥೆಯ ಏಷ್ಯಾ ಮಿಷನ್‌ಗಳಿಗೆ. ಹೌದು, ಅಮೆರಿಕ ಆಗ ಕೈಯೊಡ್ಡುವ ಸಾಲಿನಲ್ಲಿತ್ತು! ನಮ್ಮ ಮೈಸೂರು ಸೀಮೆಯಲ್ಲಿದ್ದವರೂ ಇದೇ ಪ್ಯಾರಿಸ್ ಸಂಸ್ಥೆಯ ಪಾದ್ರಿಗಳು. ಇವತ್ತು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಚರ್ಚು ಕಟ್ಟಿಸಿದ್ದೂ ಫ್ರೆಂಚ್ ಪಾದ್ರಿಗಳೇ. ಜನ ‘ದೊಡ್ಡಸ್ವಾಮಿ’ ಎಂದು ಕರೆಯುತ್ತಿದ್ದ ಅಬ್ಬೆ ದುಬುವಾ, ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಓಡಾಡಿದವರು. ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ಹಿಂದಿರುಗಿದ ಅವರು, ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎಂದು ಪುಸ್ತಕವನ್ನೇ ಬರೆದರು. ಆಮೇಲೆ ಅದೇ ಪ್ಯಾರಿಸ್ ಸಂಸ್ಥೆಗೆ ಮುಖ್ಯಸ್ಥರೂ ಆದರು. ಮಿಷನರಿಗಳೆಲ್ಲ ಒಂದೇ ಅಚ್ಚು ಎನ್ನುವವರಿಗೆ ನಾನು ಈ ಮನುಷ್ಯನನ್ನು ನೆನಪಿಸುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ: ಹೌದು, ಇಲ್ಲಿಂದಲೂ ಕೊಡುತ್ತಾರೆ. ಪೋಲೀನಳ ಸಂಸ್ಥೆ 1922ರಲ್ಲಿ ಲಿಯೋನಿನಿಂದ ರೋಮಿಗೆ ಹೋಯಿತು. 1926ರಲ್ಲಿ ಹನ್ನೊಂದನೇ ಪಿಯುಸ್ ಪೋಪ್ ಅಕ್ಟೋಬರಿನ ಕಡೆಯ ಭಾನುವಾರದ ಹಿಂದಿನ ಭಾನುವಾರವನ್ನು ಮಿಷನ್ ದಿನವೆಂದು ಗೊತ್ತುಮಾಡಿದರು. ಅವತ್ತಿನ ಬಲಿಪೂಜೆಯಲ್ಲಿ ಬಿದ್ದ ಕಾಣಿಕೆಯನ್ನು ಆ ಚರ್ಚು ತನ್ನ ಸುಣ್ಣಬಣ್ಣಕ್ಕೆ ಇಟ್ಟುಕೊಳ್ಳುವಂತಿಲ್ಲ. ಅದು ಇಡೀ ಜಗತ್ತಿನ ಒಂದೇ ನಿಧಿಯ ಲೆಕ್ಕಕ್ಕೆ ಸೇರುತ್ತದೆ. ದೇಶ ದೇಶಗಳ ನಿರ್ದೇಶಕರು ವರ್ಷಕ್ಕೊಮ್ಮೆ ರೋಮಿನಲ್ಲಿ ಕೂತು ಯಾರಿಗೆಷ್ಟು ಎಂದು ತೀರ್ಮಾನಿಸುತ್ತಾರೆ. ಪಡೆಯುವವು ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮುಂತಾದೆಡೆಯ ಸಾವಿರಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳು. ಅಲ್ಲಿ ಉಪದೇಶಿಗಳ ಸಂಬಳ, ಹಳ್ಳಿಯ ಪ್ರಾರ್ಥನಾಲಯ, ಗುರುಗಳಾಗಲು ಓದುವವರ ಊಟ, ಓಡಾಡಲು ಒಂದು ವಾಹನ, ಇಂಥವಕ್ಕೆ ಖರ್ಚಾಗುತ್ತದೆ. ಜಂಗಮಕೋಟೆ ಸೇರುವುದು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ. ನಿಮ್ಮ ಕೆಲಸದಾಕೆಯ ಕಾಣಿಕೆ ಮೊದಲು ಅಲ್ಲಿಗೆ ಹೋಗುತ್ತದೆ. ಇನ್ನು ನೀವು ಕೇಳಿದ ಹೊರದೇಶದ ದುಡ್ಡು ಬೇರೆಯೇ ದಾರಿಯದು. ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಾಯಿಸಿದ ಇಲ್ಲವೇ ಮುಂಚೆಯೇ ಅನುಮತಿ ಪಡೆದ ಸಂಸ್ಥೆಗಳಿಗೆ ಮಾತ್ರ, ಅದೂ 2020ರ ತಿದ್ದುಪಡಿಯ ನಂತರ ದೆಹಲಿಯ ಒಂದು ಸ್ಟೇಟ್ ಬ್ಯಾಂಕ್ ಶಾಖೆಯ ಮೂಲಕವೇ ಬರಬೇಕು.

ಕೊಟ್ಟವಳು ‘ನನ್ನ ದುಡ್ಡು ಇಂಥ ಊರಿಗೇ ಹೋಗಲಿ’ ಎನ್ನುವ ಹಾಗಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸುವುದು ಇದೇ. ದಾನಿಯ ಹೆಸರಿನ ಕಲ್ಲು ಯಾವ ಗೋಡೆಯಲ್ಲೂ ಕೂರುವುದಿಲ್ಲ. ಹಿಡಿಸದ್ದೂ ಒಂದಿದೆ: ಹೋದ ವರ್ಷ ಕೊಟ್ಟದ್ದು ಏನಾಯಿತು ಎಂದು ಪೂಜೆಗೆ ಬಂದವರಿಗೆ ಹೇಳುವ ಚರ್ಚುಗಳು ಕಡಿಮೆ. ವಾರಕ್ಕೊಂದು ಸೂ ಕೊಟ್ಟ ಲಿಯೋನಿನವರಿಗೆ ದೂರದೇಶದ ಪಾದ್ರಿಗಳ ಪತ್ರಗಳನ್ನು ಅಚ್ಚುಹಾಕಿ ಹಂಚುತ್ತಿದ್ದರು.

ಪ್ರಾರ್ಥನೆಯ ಮಾತು. ಅದು ಕೊಡಲಾಗದವರಿಗಾಗಿ ಆಮೇಲೆ ಸೇರಿಸಿದ ರಿಯಾಯಿತಿ ಅಲ್ಲ. ಪೋಲೀನಳ ಗುಂಪಿನಲ್ಲಿ ಕಾಸು ವಾರಕ್ಕೊಮ್ಮೆ, ಪ್ರಾರ್ಥನೆ ದಿನಾ: ಒಂದು ಪರಲೋಕ ಪ್ರಾರ್ಥನೆ, ಒಂದು ನಮೋ ಮರಿಯ, ಕೊನೆಗೆ ಸಂತ ಫ್ರಾನ್ಸಿಸ್ ಕ್ಸೇವಿಯರರಿಗೊಂದು ಮೊರೆ. 1927ರಲ್ಲಿ ರೋಮ್ ಇದೇ ಕ್ಸೇವಿಯರರ ಜೊತೆಗೆ ಲಿಸಿಯದ ತೆರೇಸಾಳನ್ನೂ ಮಿಷನ್‌ಗಳ ಪಾಲಕ ಸಂತಳೆಂದು ಸಾರಿತು. ಆತ ಗೋವೆಯಿಂದ ಜಪಾನಿನವರೆಗೆ ಸುತ್ತಿದವನು. ಆಕೆ ಹದಿನೈದಕ್ಕೆ ಮಠ ಸೇರಿ ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ಅಲ್ಲೇ ತೀರಿಕೊಂಡವಳು. ಚೀನಾಕ್ಕೆ ಹೋದ ಒಬ್ಬ ಪಾದ್ರಿಗೆ ಪತ್ರ ಬರೆಯುತ್ತ, ಅವನಿಗಾಗಿ ಪ್ರಾರ್ಥಿಸುತ್ತ ಇದ್ದಳು. ಮಂಗಳೂರಿನಲ್ಲಿ 1921ರಲ್ಲಿ ರೇಮಂಡ್ ಮಸ್ಕರೇನಸ್ ಕಟ್ಟಿದ ಬೆಥನಿ ಸಿಸ್ಟರುಗಳ ಸಭೆ ‘ಕಿರುಪುಷ್ಪ’ ಎಂದು ಕರೆಸಿಕೊಂಡ ಇದೇ ತೆರೇಸಾಳ ಹೆಸರಿನದು.

ಅದಕ್ಕೂ ಮೊದಲು, 1870ರಲ್ಲಿ, ಫ್ರಾನ್ಸಿನ ಪೋ ಊರಿನಿಂದ ಕಾರ್ಮೆಲ್ ಕನ್ಯಾಸ್ತ್ರೀಯರು ಹಡಗು ಹತ್ತಿ ಮಂಗಳೂರಿಗೆ ಬಂದರು. ದಾರಿಯಲ್ಲೇ ಮೂವರು ಸತ್ತರು. ಬಂದವರಲ್ಲಿ ಗಲಿಲಾಯದ ಬಡ ಹುಡುಗಿ ಮರಿಯಂ ಬವಾರ್ದಿಯೂ ಇದ್ದಳು. 2015ರಲ್ಲಿ ಆಕೆ ಸಂತಳಾದಳು. ಇವರು ಶಾಲೆ ನಡೆಸಲು ಬಂದವರಲ್ಲ, ಆಸ್ಪತ್ರೆ ತೆರೆಯಲೂ ಅಲ್ಲ. ಬಾಗಿಲು ಹಾಕಿಕೊಂಡು ಪ್ರಾರ್ಥಿಸಲಿಕ್ಕೆಂದೇ ಸಮುದ್ರ ದಾಟಿದರು. ಪ್ರಾರ್ಥನೆ ಫಲಿಸುತ್ತದೋ ಇಲ್ಲವೋ, ಅದನ್ನು ನಾನು ಕಾಗದದಲ್ಲಿ ಸಿದ್ಧಮಾಡಿ ತೋರಿಸಲಾರೆ. ಆದರೆ ಕ್ಯಾಥೊಲಿಕರು ಅದನ್ನು ಕೆಲಸವೆಂದೇ ಎಣಿಸುತ್ತಾರೆ, ಪ್ರಾಣ ಹೋದರೂ ಸರಿ ಎನ್ನುವಷ್ಟು.

ಆದ್ದರಿಂದ ಮುಂದಿನ ಅಕ್ಟೋಬರಿನಲ್ಲಿ ಆಕೆಗೆ ಕೈ ಕಟ್ಟಿದ್ದರೆ ನೀವು ಮುಂಗಡ ಕೊಡಬೇಕಿಲ್ಲ. ಸಂಜೆ ಜಪಸರಕ್ಕೆ ಹೊತ್ತಾಗದ ಹಾಗೆ ಬಿಟ್ಟರೆ ಆಯಿತು.