ದೊಡ್ಡ ಖರೀದಿಗೆ ತಡೆ ಬಿದ್ದಾಗ

ಭಾರಿ ಕಂಪನಿಯೊಂದು ಇನ್ನೊಂದು ಕಂಪನಿಯನ್ನು ಕೊಳ್ಳಲು ಹೊರಟಿತ್ತು, ಸರ್ಕಾರದ ಸಂಸ್ಥೆಯೊಂದು ಅದನ್ನು ತಡೆಯಿತು. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಇಂಥ ಸುದ್ದಿಯನ್ನು ನೀವು ಓದಿರಬಹುದು. ಹೆಚ್ಚಿನ ಓದುಗರು ವಿಷಯ ಅಲ್ಲಿಗೆ ಮುಗಿಯಿತೆಂದು ಪುಟ ತಿರುಗಿಸುತ್ತಾರೆ. ಆದರೆ ತಡೆ ಬಿದ್ದ ಮಾರನೆಯ ದಿನದಿಂದ ಆ ಕಂಪನಿ ಏನು ಮಾಡುತ್ತದೆ ಎಂಬುದು ಕಲಿಯಲು ಬಹಳ ಸೊಗಸಾದ ವಿಷಯ. ಇದನ್ನು ತಿಳಿಯಲು ನಿಮಗೆ ಅರ್ಥಶಾಸ್ತ್ರವಾಗಲಿ ಕಾನೂನಾಗಲಿ ಗೊತ್ತಿರಬೇಕಿಲ್ಲ. ಕುತೂಹಲವೊಂದಿದ್ದರೆ ಸಾಕು. ಒಂದೊಂದೇ ಮೆಟ್ಟಿಲು ಹತ್ತೋಣ.

ಮೊದಲು ತಳಪಾಯ

ಒಂದು ಕಂಪನಿಯ ಷೇರುಗಳನ್ನು ಕೊಂಡು ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳುವುದಕ್ಕೆ ಸ್ವಾಧೀನ ಎನ್ನುತ್ತಾರೆ. ಬೆಲೆ ಕುದುರಿದ ದಿನವೇ ಸ್ವಾಧೀನ ಮುಗಿಯುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವುದು ಒಂದು ದಿನ, ಹಣ ಕೊಟ್ಟು ಕಂಪನಿಯನ್ನು ವಶಕ್ಕೆ ಪಡೆಯುವುದು ಮತ್ತೊಂದು ದಿನ. ಇವೆರಡರ ನಡುವೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಷೇರುದಾರರ ಒಪ್ಪಿಗೆ ಬೇಕು, ವ್ಯಾಪಾರ ನಡೆಯುವ ದೇಶಗಳ ನಿಯಂತ್ರಕರ ಒಪ್ಪಿಗೆಯೂ ಬೇಕು.

ಮಾರುಕಟ್ಟೆಯಲ್ಲಿ ಸ್ಪರ್ಧೆ ಉಳಿಯುವಂತೆ ಕಾಯುವ ಸಂಸ್ಥೆಗಳೇ ಈ ನಿಯಂತ್ರಕರು. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯಾಯ ಇಲಾಖೆ, ಬ್ರಿಟನ್ನಿನಲ್ಲಿ ಸಿಎಂಎ ಎಂದು ಕರೆಯುವ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರ, ಯುರೋಪಿಯನ್ ಒಕ್ಕೂಟಕ್ಕೆ ಯುರೋಪಿಯನ್ ಕಮಿಷನ್, ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಕೆಲಸ ಮಾಡುತ್ತವೆ.

ಅವರ ಆತಂಕವೇನು? ನಿಮ್ಮ ಊರಿನಲ್ಲಿ ಎರಡೇ ಔಷಧಿ ಅಂಗಡಿಗಳಿವೆ ಎಂದುಕೊಳ್ಳಿ. ಒಂದು ಅಂಗಡಿಯವರು ಇನ್ನೊಂದನ್ನು ಕೊಂಡರೆ ನಿಮಗೆ ಬೇರೆ ದಾರಿ ಉಳಿಯುವುದಿಲ್ಲ. ಇದು ಎದುರಾಳಿಯನ್ನೇ ಕೊಳ್ಳುವ ಬಗೆ. ಇನ್ನೊಂದು ಬಗೆಯಿದೆ: ಎರಡೂ ಅಂಗಡಿಗಳಿಗೆ ಸರಕು ಕೊಡುವ ಸಗಟು ವ್ಯಾಪಾರವನ್ನು ಅವರಲ್ಲಿ ಒಬ್ಬರು ಕೊಂಡರೆ, ಮತ್ತೊಬ್ಬರಿಗೆ ಸರಕು ನಿಲ್ಲಿಸುವ ಶಕ್ತಿ ಅವರಿಗೆ ಬರುತ್ತದೆ. ನಿಯಂತ್ರಕರು ತಡೆಯುವ ಖರೀದಿಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಇನ್ನೆರಡು ಪದಗಳನ್ನು ನೆನಪಿಡಿ. ಖರೀದಿ ಇಂಥ ದಿನದೊಳಗೆ ಮುಗಿಯದಿದ್ದರೆ ಇಬ್ಬರಲ್ಲಿ ಯಾರಾದರೂ ಒಪ್ಪಂದದಿಂದ ಹೊರಬರಬಹುದು ಎಂದು ಬರೆದುಕೊಂಡಿರುತ್ತಾರೆ. ಅದು ಕಡೆಯ ದಿನ. ಒಪ್ಪಿಗೆ ಸಿಗದೆ ಖರೀದಿ ಮುರಿದರೆ ಕೊಳ್ಳುವವರು ಮಾರುವವರಿಗೆ ಕೊಡಬೇಕಾದ ಮೊತ್ತವನ್ನೂ ಹಲವು ಒಪ್ಪಂದಗಳಲ್ಲಿ ಬರೆದಿರುತ್ತಾರೆ. ಅದು ರದ್ದತಿ ಶುಲ್ಕ. ತಡೆ ಬಿದ್ದ ಮೇಲೆ ಕಂಪನಿ ಇಡುವ ಪ್ರತಿ ಹೆಜ್ಜೆಯ ಹಿಂದೆ ಇವೆರಡರ ಒತ್ತಡ ಇರುತ್ತದೆ.

ತಡೆಯ ಬಲ ದೇಶದಿಂದ ದೇಶಕ್ಕೆ ಬೇರೆ

ಬ್ರಿಟನ್ನಿನ ಸಿಎಂಎ ತಾನೇ ಆದೇಶ ಹೊರಡಿಸಿ ಖರೀದಿಯನ್ನು ನಿಷೇಧಿಸಬಲ್ಲದು. ಯುರೋಪಿಯನ್ ಕಮಿಷನ್ನಿಗೂ ಆ ಅಧಿಕಾರವಿದೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ನಡೆಯಲಿರುವ ಖರೀದಿಯನ್ನು ಕೂಡಲೇ ನಿಲ್ಲಿಸಬೇಕೆಂದರೆ ನಿಯಂತ್ರಕರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಕೇಳಬೇಕು.

ಬ್ರಿಟನ್ನಿನಲ್ಲಿ ಮೇಲ್ಮನವಿಯನ್ನು ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ ಕೇಳುತ್ತದೆ. ಆದರೆ ಆ ಮಂಡಳಿ ಇಡೀ ಪ್ರಕರಣವನ್ನು ಹೊಸದಾಗಿ ತೂಗುವುದಿಲ್ಲ. ಸಿಎಂಎ ಕಾನೂನಿನಂತೆ, ವಿವೇಕದಿಂದ ನಡೆದುಕೊಂಡಿತೇ ಎಂದಷ್ಟೇ ನೋಡುತ್ತದೆ. ಕಂಪನಿ ಗೆದ್ದರೂ ಕಡತ ಸಾಮಾನ್ಯವಾಗಿ ಮತ್ತೆ ಸಿಎಂಎ ಮೇಜಿಗೇ ಬರುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಒಂದೇ ಕಂಪನಿ ಒಂದು ದೇಶದಲ್ಲಿ ನ್ಯಾಯಾಲಯದ ಹೋರಾಟಕ್ಕೂ ಇನ್ನೊಂದು ದೇಶದಲ್ಲಿ ಸಂಧಾನಕ್ಕೂ ಯಾಕೆ ಇಳಿಯುತ್ತದೆ ಎಂಬುದು ನಿಮಗೆ ಅರ್ಥವಾಗುತ್ತದೆ.

ಒಂದು ಪ್ರಕರಣವನ್ನು ಹಿಡಿದು ನೋಡೋಣ

2022ರ ಜನವರಿ 18ರಂದು ಮೈಕ್ರೋಸಾಫ್ಟ್ ಕಂಪನಿ ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ವಿಡಿಯೊ ಗೇಮ್ ಕಂಪನಿಯನ್ನು 6,870 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. 'ಕಾಲ್ ಆಫ್ ಡ್ಯೂಟಿ', 'ಕ್ಯಾಂಡಿ ಕ್ರಶ್' ಆಟಗಳು ಆಕ್ಟಿವಿಷನ್‌ನವು. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರ ಮೈಕ್ರೋಸಾಫ್ಟ್‌ನದು. ಅದರ ಎದುರಾಳಿ ಸೋನಿಯ ಪ್ಲೇಸ್ಟೇಷನ್. ಜನಪ್ರಿಯ ಆಟಗಳು ಮೈಕ್ರೋಸಾಫ್ಟ್ ಕೈಗೆ ಹೋದರೆ ಎದುರಾಳಿಗಳಿಗೆ ಸಿಗದೆ ಹೋಗಬಹುದು ಎಂಬುದು ಆತಂಕವಾಗಿತ್ತು. ಇದು ಮೇಲೆ ಹೇಳಿದ ಎರಡನೆಯ ಬಗೆ ಎಂದು ನೀವಾಗಲೇ ಗುರುತಿಸಿರುತ್ತೀರಿ.

2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2023ರ ಏಪ್ರಿಲ್ 26ರಂದು ಸಿಎಂಎ ಖರೀದಿಯನ್ನು ನಿಷೇಧಿಸಿತು. ಸಿಎಂಎ ಕೊಟ್ಟ ಕಾರಣವನ್ನು ನಿಧಾನವಾಗಿ ಗಮನಿಸಿ. ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್‌ಗೆ ಸಂಬಂಧಿಸಿದ ಆತಂಕವನ್ನು ಅದು ಮಾರ್ಚ್ ತಿಂಗಳಲ್ಲೇ ಕೈಬಿಟ್ಟಿತ್ತು. ಉಳಿದದ್ದು ಕ್ಲೌಡ್ ಗೇಮಿಂಗ್ ಒಂದೇ. ದೂರದ ಸರ್ವರ್‌ನಲ್ಲಿ ನಡೆಯುವ ಆಟವನ್ನು ಇಂಟರ್‌ನೆಟ್ ಮೂಲಕ ನಮ್ಮ ಫೋನಿನಲ್ಲೋ ಟಿವಿಯಲ್ಲೋ ಆಡುವುದಕ್ಕೆ ಆ ಹೆಸರು. ಜಗತ್ತಿನ ಕ್ಲೌಡ್ ಗೇಮಿಂಗ್‌ನಲ್ಲಿ ಶೇ 60ರಿಂದ 70ರಷ್ಟು ಪಾಲು ಆಗಲೇ ಮೈಕ್ರೋಸಾಫ್ಟ್‌ನದು ಎಂದು ಸಿಎಂಎ ಅಂದಾಜು ಮಾಡಿತ್ತು.

ಈಗ ಕಂಪನಿಯ ಪ್ರತಿಕ್ರಿಯೆಗೆ ಬರೋಣ. ಮೊದಲು ಕೇಳಿಸಿದ್ದು ಕೋಪದ ಮಾತು. ಬ್ರಿಟನ್ನಿನಲ್ಲಿ ತಮ್ಮ ಕಂಪನಿ ಕೆಲಸ ಮಾಡಿದ ನಾಲ್ಕು ದಶಕಗಳಲ್ಲಿ ಇದು ಅತ್ಯಂತ ಕರಾಳ ದಿನ ಎಂದು ಮೈಕ್ರೋಸಾಫ್ಟ್ ಅಧ್ಯಕ್ಷ ಬ್ರಾಡ್ ಸ್ಮಿತ್ ಹೇಳಿದರು. ಇಂಥ ಮಾತಿಗೆ ಉದ್ದೇಶವಿರುತ್ತದೆ: ಷೇರುದಾರರಿಗೆ ಧೈರ್ಯ, ಸರ್ಕಾರಕ್ಕೆ ಒತ್ತಡ. ನೀವು ಅದನ್ನು ಕೇಳಿಸಿಕೊಳ್ಳಿ, ಆದರೆ ಕೈಗಳು ಏನು ಮಾಡುತ್ತಿವೆ ಎಂದೂ ನೋಡಿ.

ಕೈಗಳು ಮೂರು ಕೆಲಸವನ್ನು ಒಟ್ಟಿಗೆ ಮಾಡುತ್ತಿದ್ದವು. ಮೊದಲನೆಯದು ಮೇಲ್ಮನವಿ, ಬ್ರಿಟನ್ನಿನ ನ್ಯಾಯಮಂಡಳಿಯಲ್ಲಿ ಅದು ದಾಖಲಾಯಿತು. ಎರಡನೆಯದು ಬೇರೆ ಕಡೆಗಳಲ್ಲಿ ಒಪ್ಪಿಗೆ ಪಡೆಯುವುದು. ಆಕ್ಟಿವಿಷನ್ ಆಟಗಳನ್ನು 10 ವರ್ಷ ಎಲ್ಲ ಕ್ಲೌಡ್ ಸೇವೆಗಳಲ್ಲಿ ಆಡಲು ಬಿಡುತ್ತೇವೆ ಎಂಬ ಭರವಸೆಯನ್ನು ಸಿಎಂಎ ತಿರಸ್ಕರಿಸಿತ್ತು. ಅದನ್ನು ವರ್ಷಗಟ್ಟಲೆ ಕಾವಲು ಕಾಯಬೇಕಾಗುತ್ತದೆ ಎಂಬುದು ಅದರ ವಾದ. ಅದೇ ಬಗೆಯ ಭರವಸೆಯನ್ನು ಯುರೋಪಿಯನ್ ಕಮಿಷನ್ ಮೇ 15ರಂದು ಒಪ್ಪಿಕೊಂಡಿತು. ಮೂರನೆಯದು ಅಮೆರಿಕದ ಮೊಕದ್ದಮೆ. ಜುಲೈ 11ರಂದು ಪ್ರಕಟವಾದ ತೀರ್ಪಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ತಡೆಯಾಜ್ಞೆ ನಿರಾಕರಿಸಿದರು.

ಅದೇ ದಿನ ಮೈಕ್ರೋಸಾಫ್ಟ್ ಮತ್ತು ಸಿಎಂಎ ಬ್ರಿಟನ್ನಿನ ಕಾನೂನು ಹೋರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಒಪ್ಪಿದವು. ಯಾಕೆ? ಕಡೆಯ ದಿನ ಜುಲೈ 18, ಅಂದರೆ ಉಳಿದಿದ್ದದ್ದು ಒಂದು ವಾರ. ಕೊಳ್ಳುವವರೂ ಮಾರುವವರೂ ಅದನ್ನು ಅಕ್ಟೋಬರ್ 18ಕ್ಕೆ ಮುಂದೂಡಿಕೊಂಡರು. 300 ಕೋಟಿ ಡಾಲರ್ ಇದ್ದ ರದ್ದತಿ ಶುಲ್ಕ ದಿನ ಕಳೆದಂತೆ 450 ಕೋಟಿವರೆಗೆ ಏರುವಂತೆ ಗೊತ್ತುಮಾಡಿಕೊಂಡರು. ಕಾಲವನ್ನು ಕೊಳ್ಳಲು ತೆತ್ತ ಬೆಲೆ ಅದು.

ಆ ಕಾಲದಲ್ಲಿ ಮೈಕ್ರೋಸಾಫ್ಟ್ ಖರೀದಿಯ ರೂಪವನ್ನೇ ಬದಲಿಸಿತು. ಮುಂದಿನ 15 ವರ್ಷಗಳಲ್ಲಿ ಬರುವ ಆಟಗಳೂ ಸೇರಿದಂತೆ ಆಕ್ಟಿವಿಷನ್‌ನ ಕ್ಲೌಡ್ ಹಕ್ಕುಗಳನ್ನು ಯುರೋಪಿನ ಆರ್ಥಿಕ ವಲಯದ ಹೊರಗಿನ ದೇಶಗಳಿಗಾಗಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಗೆ ಮಾರುವುದಾಗಿ ಆಗಸ್ಟ್ 22ರಂದು ಹೇಳಿತು. ಸಿಎಂಎ ಹಳೆಯ ಖರೀದಿಯ ಮೇಲಿನ ನಿಷೇಧವನ್ನು ಉಳಿಸಿಕೊಂಡೇ ಇದನ್ನು ಹೊಸ ಖರೀದಿಯೆಂದು ಪರಿಶೀಲಿಸಿತು. 2023ರ ಅಕ್ಟೋಬರ್ 13ರಂದು ಒಪ್ಪಿಗೆ ಸಿಕ್ಕಿತು, ಖರೀದಿಯೂ ಅಂದೇ ಮುಗಿಯಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಆತಂಕವಿದ್ದದ್ದು ಖರೀದಿಯ ಅಂಚಿನಲ್ಲಿ. ಮೈಕ್ರೋಸಾಫ್ಟ್‌ಗೆ ಮುಖ್ಯವಾಗಿ ಬೇಕಿದ್ದದ್ದು ಆಟಗಳು ಮತ್ತು ಅವನ್ನು ತಯಾರಿಸುವ ಸ್ಟುಡಿಯೊಗಳು. ಕ್ಲೌಡ್ ಹಕ್ಕುಗಳನ್ನು ಕತ್ತರಿಸಿ ಕೊಟ್ಟ ಮೇಲೂ ಆ ಒಡಲು ಹಾಗೇ ಉಳಿಯಿತು.

ಆತಂಕ ಒಡಲಲ್ಲೇ ಇದ್ದರೆ

ಅಡೋಬಿ ಕಂಪನಿಯ ಅನುಭವ ಬೇರೆ. 2022ರ ಸೆಪ್ಟೆಂಬರಿನಲ್ಲಿ ಅದು ಫಿಗ್ಮಾ ಕಂಪನಿಯನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಆ್ಯಪ್ ಮತ್ತು ವೆಬ್‌ಸೈಟುಗಳ ವಿನ್ಯಾಸ ಮಾಡುವ ತಂತ್ರಾಂಶ ಫಿಗ್ಮಾದ್ದು. ವಿನ್ಯಾಸದ ತಂತ್ರಾಂಶಗಳಲ್ಲಿ ಅಡೋಬಿ ಹಳೆಯ ದೊಡ್ಡ ಹೆಸರು. ಇದು ಎದುರಾಳಿಯನ್ನೇ ಕೊಳ್ಳುವ ಮೊದಲ ಬಗೆ ಎಂದು ನಿಯಂತ್ರಕರು ಕಂಡರು. 2023ರ ನವೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಮತ್ತು ಸಿಎಂಎ ತಮ್ಮ ಆಕ್ಷೇಪಗಳನ್ನು ಮುಂದಿಟ್ಟವು. ಆತಂಕ ನೀಗಬೇಕಾದರೆ ಫಿಗ್ಮಾದ ಮುಖ್ಯ ವಿನ್ಯಾಸ ತಂತ್ರಾಂಶವನ್ನೇ ಬಿಟ್ಟುಕೊಡಬೇಕಾಗಬಹುದಿತ್ತು. ಅದನ್ನು ಬಿಟ್ಟ ಮೇಲೆ ಕೊಳ್ಳಲು ಏನು ಉಳಿಯುತ್ತದೆ? ಅಂತಿಮ ಆದೇಶ ಬರುವ ಮೊದಲೇ, ಡಿಸೆಂಬರ್ 18ರಂದು, ಇಬ್ಬರೂ ಒಪ್ಪಂದವನ್ನು ಕೈಬಿಟ್ಟರು. ಅಡೋಬಿ 100 ಕೋಟಿ ಡಾಲರ್ ರದ್ದತಿ ಶುಲ್ಕ ತೆತ್ತಿತು. ಫಿಗ್ಮಾ ಸ್ವತಂತ್ರವಾಗಿ ಬೆಳೆದು 2025ರ ಜುಲೈನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು.

ಹಿಂದೆ ಸರಿಯುವುದನ್ನು ಸೋಲೆಂದು ಮಾತ್ರ ಓದಬೇಡಿ. ಗೆಲ್ಲಲಾಗದ ಹೋರಾಟದಲ್ಲಿ ಕಾಲ ಕಳೆದಷ್ಟೂ ಎರಡೂ ಕಂಪನಿಗಳ ನೌಕರರು ಅನಿಶ್ಚಯದಲ್ಲಿ ಕೂರುತ್ತಾರೆ, ಹೊಸ ಯೋಜನೆಗಳು ನಿಲ್ಲುತ್ತವೆ. ಬೇಗ ಬಿಡುವುದರಲ್ಲೂ ಲೆಕ್ಕಾಚಾರವಿದೆ.

ಒಪ್ಪಿಗೆಗೆ ಕಾಯದೆ ಕೊಂಡರೆ

ಅಪರೂಪದ ಮೂರನೆಯ ದಾರಿಯನ್ನು ಇಲ್ಯುಮಿನಾ ಹಿಡಿಯಿತು. ವಂಶವಾಹಿಗಳನ್ನು ಓದುವ ಯಂತ್ರಗಳನ್ನು ತಯಾರಿಸುವ ಅಮೆರಿಕದ ಕಂಪನಿ ಅದು. ರಕ್ತಪರೀಕ್ಷೆಯಿಂದ ಹಲವು ಬಗೆಯ ಕ್ಯಾನ್ಸರ್ ಪತ್ತೆಮಾಡುವ ಗ್ರೇಲ್ ಕಂಪನಿಯನ್ನು ಸುಮಾರು 800 ಕೋಟಿ ಡಾಲರಿಗೆ ಕೊಳ್ಳಲು 2020ರಲ್ಲಿ ಒಪ್ಪಿತ್ತು. ಗ್ರೇಲ್‌ನ ಎದುರಾಳಿಗಳಿಗೂ ಇಲ್ಯುಮಿನಾ ಯಂತ್ರಗಳೇ ಬೇಕು ಎಂಬುದು ಆತಂಕದ ಮೂಲ. ಯುರೋಪಿನ ಪರಿಶೀಲನೆ ನಡೆಯುತ್ತಿರುವಾಗಲೇ, 2021ರ ಆಗಸ್ಟಿನಲ್ಲಿ ಇಲ್ಯುಮಿನಾ ಖರೀದಿಯನ್ನು ಮುಗಿಸಿಬಿಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಕಮಿಷನ್ ಖರೀದಿಯನ್ನು ನಿಷೇಧಿಸಿತು, 2023ರ ಜುಲೈನಲ್ಲಿ 43.2 ಕೋಟಿ ಯೂರೊ ದಂಡ ಹಾಕಿತು. ದಂಡಕ್ಕೆ ಮೊದಲೇ, ಷೇರುದಾರರ ಅಸಮಾಧಾನದ ನಡುವೆ ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟಿದ್ದರು. 2024ರ ಜೂನ್‌ನಲ್ಲಿ ಇಲ್ಯುಮಿನಾ ಗ್ರೇಲ್ ಕಂಪನಿಯನ್ನು ಬೇರ್ಪಡಿಸಿತು.

ಅದೇ ವರ್ಷದ ಸೆಪ್ಟೆಂಬರ್ 3ರಂದು ಯುರೋಪಿನ ಉನ್ನತ ನ್ಯಾಯಾಲಯ, ಈ ಖರೀದಿಯನ್ನು ಪರಿಶೀಲಿಸುವ ಅಧಿಕಾರವೇ ಕಮಿಷನ್ನಿಗೆ ಇರಲಿಲ್ಲ ಎಂದು ತೀರ್ಪಿತ್ತಿತು. ಕಾನೂನಿನಲ್ಲಿ ಇಲ್ಯುಮಿನಾ ಗೆದ್ದಿತು, ಆದರೆ ಗ್ರೇಲ್ ಆಗಲೇ ಕೈಬಿಟ್ಟುಹೋಗಿತ್ತು. ಕಾನೂನಿನ ಗೆಲುವು ವ್ಯಾಪಾರದ ಕಡೆಯ ದಿನಕ್ಕೆ ಮೊದಲು ಬರದಿದ್ದರೆ ಅದರ ಪ್ರಯೋಜನ ಎಷ್ಟು ಕಡಿಮೆ ಎಂಬುದನ್ನು ಈ ಪ್ರಕರಣಕ್ಕಿಂತ ಚೆನ್ನಾಗಿ ಕಲಿಸುವುದು ಕಷ್ಟ.

ನಮ್ಮಲ್ಲಿ ಹೇಗೆ?

ಭಾರತೀಯ ಸ್ಪರ್ಧಾ ಆಯೋಗ 2011ರ ಜೂನ್ 1ರಿಂದ ದೊಡ್ಡ ಖರೀದಿಗಳನ್ನು ಪರಿಶೀಲಿಸುತ್ತಿದೆ. ಅದಕ್ಕೆ ಒಪ್ಪುವ, ತಿರಸ್ಕರಿಸುವ, ಬದಲಾವಣೆ ಸೂಚಿಸುವ ಅಧಿಕಾರಗಳಿವೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿಯನ್ನು ವಾಲ್‌ಮಾರ್ಟ್ ಕೊಳ್ಳಲು 2018ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟದ್ದು ಇದೇ ಆಯೋಗ. ರ‍್ಯಾನ್‌ಬ್ಯಾಕ್ಸಿಯನ್ನು ಸನ್ ಫಾರ್ಮಾ ಕೊಳ್ಳಲು ಬಂದಾಗ, 2014ರ ಡಿಸೆಂಬರಿನಲ್ಲಿ, ಏಳು ಔಷಧಿಗಳನ್ನು ಬೇರೆಯವರಿಗೆ ಮಾರಬೇಕೆಂಬ ಷರತ್ತು ಹಾಕಿ ಒಪ್ಪಿತು. ಆತಂಕವಿರುವ ಭಾಗವನ್ನು ಕತ್ತರಿಸಿ ಉಳಿದದ್ದಕ್ಕೆ ಒಪ್ಪಿಗೆ ಕೊಡುವ ಕ್ರಮ ಇಲ್ಲಿಯೂ ಅದೇ.

ಮುಂದಿನ ಸುದ್ದಿಯನ್ನು ಓದುವ ಬಗೆ

ಇನ್ನು ನೀವೇ ಓದಬಲ್ಲಿರಿ. ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಯಂತ್ರಕರು ಹೆದರಿದ್ದು ನಿಖರವಾಗಿ ಯಾವುದಕ್ಕೆ? ಆ ಭಾಗವನ್ನು ಕತ್ತರಿಸಿದರೆ ಕೊಳ್ಳುವವರಿಗೆ ಬೇಕಾದ್ದು ಉಳಿಯುತ್ತದೆಯೇ? ಕಡೆಯ ದಿನಕ್ಕೆ ಎಷ್ಟು ಕಾಲವಿದೆ? ಆತಂಕ ಅಂಚಿನಲ್ಲಿದ್ದು ಕಾಲವೂ ಇದ್ದರೆ ಕಂಪನಿ ಖರೀದಿಯ ರೂಪ ಬದಲಿಸಿಕೊಂಡು ಮತ್ತೆ ಬರುವ ಸಂಭವ ಹೆಚ್ಚು. ಆತಂಕ ಒಡಲಲ್ಲಿದ್ದರೆ ಶುಲ್ಕ ಕೊಟ್ಟು ಹೊರಬರುವ ಸಂಭವ ಹೆಚ್ಚು.

ಉತ್ತರಕ್ಕಾಗಿ ಕಂಪನಿಯ ಹೇಳಿಕೆಯನ್ನಷ್ಟೇ ನಂಬಿ ಕೂರಬೇಡಿ. ನಮ್ಮ ಆಯೋಗವೂ ಸಿಎಂಎಯೂ ತಮ್ಮ ಆದೇಶಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ಮೊದಲು ಸಾರಾಂಶವನ್ನಷ್ಟೇ ಓದಿ. ಅರ್ಥವಾಗದ ಪದವನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ. ನಾವು ದಿನವೂ ಬಳಸುವ ಔಷಧಿ, ಫೋನು, ತಂತ್ರಾಂಶಗಳ ಬೆಲೆಯೂ ಆಯ್ಕೆಯೂ ಈ ಆದೇಶಗಳಲ್ಲಿ ನಿರ್ಧಾರವಾಗುತ್ತವೆ. ಹಾಗಾಗಿ ಅವನ್ನು ವಕೀಲರ ಪಾಲಿಗೆ ಬಿಟ್ಟುಬಿಡದೆ ನೀವೂ ಓದಬೇಕು ಎಂಬುದು ನನ್ನ ಆಸೆ.