ಚುಚ್ಚುಮದ್ದಿನ ನಂತರದ ಅರ್ಧ ಗಂಟೆ



ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದಿನ "ಅರ್ಧ ಗಂಟೆ ರಾಸು ಕಣ್ಣೆದುರೇ ಇರಲಿ, ಆಮೇಲೆ ಮೇಯಲು ಬಿಡಿ" ಎಂದರೆ ನಗುವವರುಂಟು. ಕಾರಣ ಹೇಳುತ್ತೇನೆ.

ಕೆಲವು ರಾಸುಗಳಿಗೆ ಲಸಿಕೆಯೋ ಪೆನಿಸಿಲಿನ್ನೋ ಒಗ್ಗುವುದಿಲ್ಲ. ಇದು ಅಪರೂಪ, ಆದರೆ ಆದಾಗ ನಿಮಿಷಗಳ ಲೆಕ್ಕ. ರಕ್ತನಾಳಗಳು ಒಮ್ಮೆಗೇ ಹಿಗ್ಗಿ ರಕ್ತದ ಒತ್ತಡ ಕುಸಿಯುತ್ತದೆ. ಕಣ್ಣಿನ ರೆಪ್ಪೆ, ಮೂತಿ ಊದುತ್ತವೆ, ಮೈಮೇಲೆ ಗಂಧೆ ಏಳುತ್ತವೆ, ಬಾಯಲ್ಲಿ ನೊರೆ, ಏದುಸಿರು. ಕೊನೆಗೆ ನಡುಗಿ ಬೀಳುತ್ತದೆ. ಉಳಿದಿದ್ದ ಔಷಧಿಯನ್ನು ತಾವೇ ಚುಚ್ಚಿದ್ದ ಒಬ್ಬ ಸದಸ್ಯರ ಮನೆಗೆ ನಾನು ಹೋಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಹಸು ಹೋಗಿತ್ತು, ಕರು ಪಕ್ಕದಲ್ಲಿ ಕೂಗುತ್ತಿತ್ತು.

ಇಂತಹ ಸಮಯಕ್ಕೆ ಮೊದಲ ಮದ್ದು ಅಡ್ರಿನಲಿನ್. ಮೂತ್ರಪಿಂಡದ ಮೇಲ್ಭಾಗದ ಪುಟ್ಟ ಗ್ರಂಥಿಯಲ್ಲಿ ಹುಟ್ಟುವ ಈ ರಸವನ್ನು ಶುದ್ಧವಾಗಿ ಬೇರ್ಪಡಿಸಿದ್ದನ್ನು ಜಪಾನಿನ ಜೋಕಿಚಿ ತಕಮಿನೆ 1901ರಲ್ಲಿ ಪ್ರಕಟಿಸಿದರು. ಇದು ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಬಿಗಿದ ಶ್ವಾಸನಾಳವನ್ನು ತೆರೆಯುತ್ತದೆ. 1 ಮಿ.ಲೀ. ಆಂಪ್ಯೂಲಿನಲ್ಲಿ 1 ಮಿ.ಗ್ರಾಂ. ಇರುತ್ತದೆ, 400 ಕಿಲೋ ತೂಕದ ಹಸುವಿಗೆ ಮಾಂಸಖಂಡಕ್ಕೆ 4ರಿಂದ 8 ಮಿ.ಲೀ. ಬೇಕು. ನಾವು ಒಂದರ ಮೇಲೊಂದು ಆಂಪ್ಯೂಲು ಒಡೆಯುವುದು ಇದಕ್ಕೇ. ಬೆಳಕಿಗೆ ಕೆಡುವ ಮದ್ದು, ಬಣ್ಣ ತಿರುಗಿದ್ದರೆ ಎಸೆಯಬೇಕು. ರಕ್ತನಾಳಕ್ಕೆ ರಭಸವಾಗಿ ಹೋದರೆ ಹೃದಯದ ಬಡಿತವೇ ಹದ ತಪ್ಪುವುದರಿಂದ ಮನೆಯಲ್ಲಿಟ್ಟುಕೊಂಡು ಪ್ರಯೋಗ ಮಾಡುವುದು ಬೇಡ.

ಮರಗಟ್ಟಿಸುವ ಲಿಗ್ನೊಕೇನ್ ಜೊತೆಗೂ ಇದನ್ನು ಸೇರಿಸುವುದುಂಟು. ಹೊಲಿಗೆ ಹಾಕುವ ಜಾಗದಲ್ಲಿ ರಕ್ತ ಕಡಿಮೆ ಸೋರುತ್ತದೆ, ಮರಗಟ್ಟುವಿಕೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊಲೆತೊಟ್ಟಿಗೆ ಮಾತ್ರ ಇದು ಸಲ್ಲದು. ಅಲ್ಲಿ ರಕ್ತ ನಿಂತರೆ ತೊಟ್ಟೇ ಸತ್ತುಹೋಗಬಹುದು.

ಇದೇ ರಸ ನಿಮ್ಮ ಕ್ಯಾನಿಗೂ ನಷ್ಟ ತರಬಲ್ಲದು! ಕರೆಯುವ ಹೊತ್ತಿಗೆ ಹೊಡೆದರೆ, ನಾಯಿ ಬೊಗಳಿದರೆ ಹಸುವಿನ ಮೈಯಲ್ಲೇ ಅಡ್ರಿನಲಿನ್ ಹೊರಡುತ್ತದೆ. ಕೆಚ್ಚಲಿನ ರಕ್ತನಾಳ ಕುಗ್ಗಿ, ಹಾಲು ಇಳಿಸುವ ಆಕ್ಸಿಟೋಸಿನ್ ಅಲ್ಲಿಗೆ ಸರಿಯಾಗಿ ತಲುಪದೆ ಹಾಲು ಮೇಲೇ ಉಳಿಯುತ್ತದೆ. ಅದಕ್ಕೆ ಆಕ್ಸಿಟೋಸಿನ್ ಸೂಜಿ ಹುಡುಕುವ ಬದಲು ಬೆತ್ತವನ್ನು ಕೊಟ್ಟಿಗೆಯಿಂದ ಹೊರಗಿಡಿ.

ಚುಚ್ಚಿದ ಮೇಲೆ ಊತ, ಏದುಸಿರು ಕಂಡರೆ ತಕ್ಷಣ ಪಶುವೈದ್ಯರಿಗೆ ಹೇಳಿಕಳಿಸಿ. ಬಿದ್ದ ರಾಸನ್ನು ಎದೆಯ ಮೇಲೆ ಕೂತಂತೆ ಒರಗಿಸಿ, ಬಾಯಿಗೆ ಏನೂ ಹೊಯ್ಯಬೇಡಿ, ಔಷಧಿಯ ಸೀಸೆ ಎಸೆಯದೆ ತೋರಿಸಿ. ಹಿಂದೆ ಯಾವುದಾದರೂ ಮದ್ದಿಗೆ ಹೀಗಾಗಿದ್ದರೆ ನಾವು ಸೂಜಿ ತೆಗೆಯುವ ಮೊದಲೇ ತಿಳಿಸಿ.