ಯೋಜನೆ ಆಮೇಲೆ, ಗಿರಾಕಿ ಮೊದಲು

ತೊಂಬತ್ತರ ದಶಕದಲ್ಲಿ ಬಸ್ ನಿಲ್ದಾಣಗಳ ಪಕ್ಕ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳಿದ್ದುದು ಹಲವರಿಗೆ ನೆನಪಿರಬಹುದು. ಅವುಗಳ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಮನೆಗಳ ಒಲೆ ಆ ಒಂದು ಗಾಜಿನ ಗೂಡಿನಿಂದ ಉರಿಯಿತು. ಮೊಬೈಲ್ ಬಂತು, ಬೂತ್ ಹೋಯಿತು. ಅದೇ ಜಾಗದಲ್ಲಿ ಝೆರಾಕ್ಸ್ ಯಂತ್ರ ಇಟ್ಟವರು, ರೀಚಾರ್ಜ್ ಶುರು ಮಾಡಿದವರು ಉಳಿದುಕೊಂಡರು. ಬಾಗಿಲಿಗೆ ಬರುವ ಗಿರಾಕಿಗೆ ಇನ್ನೇನು ಬೇಕು ಎಂದು ಅವರು ಗಮನಿಸಿದ್ದರು.

ಸ್ವಂತ ಉದ್ಯೋಗ ಮಾಡಬೇಕೆಂದು ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಂಗವಿಕಲರಿಗೆ ಯಾವ ಸ್ಕೀಮ್ ಇದೆ ಸಾರ್?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರ ಮೀಸಲಾತಿ ಕೊಟ್ಟಿದೆ, ನಿಜ. ಆ ಹುದ್ದೆಗಳಿಗಾಗಿ ಹೋರಾಡಲೇಬೇಕು. ಆದರೆ ಅಧಿಸೂಚನೆಗೆ ಕಾಯುತ್ತ ಮೂವತ್ತೈದು ದಾಟಿದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ದುಡಿಮೆಗೆ ಇನ್ನೊಂದು ದಾರಿಯಿದೆ. ಅದರಲ್ಲಿ ಹೆಜ್ಜೆ ಇಡುವ ಕ್ರಮ ಮಾತ್ರ ಗೊತ್ತಿರಬೇಕು.

ಮೊದಲು ನಿಮ್ಮ ದಿನವನ್ನು ಬರೆಯಿರಿ

ಒಂದು ವಾರ ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ದಾಖಲಿಸಿ. ಬೆಳಿಗ್ಗೆ ಸಿದ್ಧರಾಗಲು ಎಷ್ಟು ಹೊತ್ತು ಬೇಕು, ಒಂದೇ ಭಂಗಿಯಲ್ಲಿ ಎಷ್ಟು ಹೊತ್ತು ಕೂರಬಹುದು, ನೋವು ಯಾವಾಗ ಏಳುತ್ತದೆ, ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕೇಬೇಕು. ಬೆನ್ನುಹುರಿಗೆ ಪೆಟ್ಟಾದವರು ಭಂಗಿ ಬದಲಿಸದೆ ಗಂಟೆಗಟ್ಟಲೆ ಕೂತರೆ ಒತ್ತಡದ ಹುಣ್ಣಾಗಬಹುದು. ಅಂಥವರು ಇಡೀ ದಿನ ಕೌಂಟರಿನಲ್ಲಿ ಕೂರುವ ಅಂಗಡಿ ಹಾಕಿದರೆ ದುಡಿದದ್ದು ಆಸ್ಪತ್ರೆಗೆ ಹೋಗುತ್ತದೆ. ದೇಹಕ್ಕೆ ಒಗ್ಗುವ ಕೆಲಸ ಆರಿಸಬೇಕು ಎನ್ನುವುದು ಸರಿ. ಕೆಲಸವನ್ನು ದೇಹಕ್ಕೆ ಒಗ್ಗಿಸಲೂ ಬರುತ್ತದೆ ಎನ್ನುವುದನ್ನು ಮರೆಯಬೇಡಿ. ಪೋಲಿಯೊದಿಂದ ಕಾಲಿನ ಬಲ ಹೋದವರು ಹೊಲಿಗೆ ಯಂತ್ರಕ್ಕೆ ಮೋಟಾರು ಜೋಡಿಸಿ, ಪೆಡಲನ್ನು ನೆಲದಿಂದ ಎತ್ತಿ ಮೇಜಿನಂಚಿಗೆ ಕಟ್ಟಿಕೊಂಡು ಮೊಣಕೈಯಲ್ಲಿ ಒತ್ತುತ್ತಾರೆ. ಬಟ್ಟೆ ತಳ್ಳಲು ಎರಡೂ ಅಂಗೈ ಖಾಲಿ. ದೃಷ್ಟಿ ಇಲ್ಲದ ವ್ಯಾಪಾರಿಗೆ ಯುಪಿಐ ಧ್ವನಿಪೆಟ್ಟಿಗೆ ದೊಡ್ಡ ಆಸರೆ. ಬಂದ ಹಣವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ 'ಮನಿ' ಆ್ಯಪ್ 2020ರಿಂದ ಇದೆ. ಹಣ ಬಂದದ್ದು ತಿಳಿಯಲು ಕಿವಿ ಕೇಳದವರು ಫೋನಿನ ಕಂಪನವನ್ನು ನಂಬಬಹುದು. ಗೋಡೆಗೆ ಬೆಲೆಪಟ್ಟಿ ದೊಡ್ಡದಾಗಿ ಬರೆದು ಹಾಕಿದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಗಿರಾಕಿಯನ್ನು ಹುಡುಕಿ, ಲೆಕ್ಕ ಹಾಕಿ

ಮನೆಯಿಂದ ನೀವು ತಲುಪಬಹುದಾದ ದೂರದಲ್ಲಿ ಯಾರು, ಏನನ್ನು, ದಿನವೂ ದುಡ್ಡು ಕೊಟ್ಟು ಕೊಳ್ಳುತ್ತಾರೆ? ಹತ್ತು ಜನರನ್ನು ಕೇಳಿ. "ಮಾಡಿದರೆ ತಗೋತೀರಾ" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈಗ ಯಾರ ಹತ್ತಿರ, ಎಷ್ಟಕ್ಕೆ ತಗೋತೀರಿ" ಎಂದು ಕೇಳಿ. ಆಗ ನಿಜ ಹೊರಬರುತ್ತದೆ.

ಜೋಳದ ರೊಟ್ಟಿಯ ಒಂದು ಉದಾಹರಣೆ ನೋಡೋಣ. ದಿನಕ್ಕೆ 100 ರೊಟ್ಟಿ, ಒಂದಕ್ಕೆ 8 ರೂಪಾಯಿ, ಒಟ್ಟು 800. ಹಿಟ್ಟಿಗೆ 300, ಗ್ಯಾಸಿಗೆ 80 ತೆಗೆದರೆ 420 ಉಳಿಯಿತು ಎನಿಸುತ್ತದೆ. ಆದರೆ ನೀರು ಹೊತ್ತು ತಂದು, ಖಾನಾವಳಿಗೆ ರೊಟ್ಟಿ ಮುಟ್ಟಿಸುವ ತಮ್ಮನಿಗೆ 150 ರೂಪಾಯಿ ಕೂಲಿ ಹಿಡಿಯಿರಿ. ಕೈಗೆ ಬರುವುದು 270. ತಮ್ಮ ಪುಕ್ಕಟೆ ಮಾಡುತ್ತಾನಲ್ಲ ಎಂದು ಈ ಸಾಲು ಬಿಟ್ಟವರ ಉದ್ಯೋಗ, ಆ ತಮ್ಮ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ದಿನ ನಿಂತುಹೋಗುತ್ತದೆ. ಸಹಾಯಕರ ಕೂಲಿಯೂ ನಿಮ್ಮ ಉದ್ಯೋಗದ ಖರ್ಚೇ. ನಾಚಿಕೆಯಿಲ್ಲದೆ ಬರೆಯಿರಿ.

ಸಾಧ್ಯವಾದರೆ ಸಾಲಕ್ಕೆ ಮೊದಲು ಮೂರು ತಿಂಗಳು ಮನೆಮಟ್ಟದಲ್ಲಿ ನಡೆಸಿ ನೋಡಿ.

ಕಲಿಯುವುದೆಲ್ಲಿ?

1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜತೆಗೂಡಿ ಕಟ್ಟಿದ ರುಡ್‌ಸೆಟ್ ಇಡೀ ದೇಶಕ್ಕೆ ಮಾದರಿಯಾಯಿತು. ಈಗ ಅದೇ ಬಗೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆಗಳಲ್ಲಿವೆ. ತರಬೇತಿ, ಊಟ, ವಸತಿ ಉಚಿತ. ಸೇರುವ ಮುನ್ನ ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ, ಸನ್ನೆಭಾಷೆ ಬಲ್ಲವರು ಇದ್ದಾರೆಯೇ ಎಂದು ಫೋನಿನಲ್ಲೇ ವಿಚಾರಿಸಿ. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ ಸಂಸ್ಥೆ ಅಂಗವಿಕಲರಿಗೆ ತೋಟಗಾರಿಕೆ ಕಲಿಸುತ್ತದೆ.

ಕಾಗದಪತ್ರ

ಮೊದಲು ಬೇಕಾದದ್ದು ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಹೆಚ್ಚಿನ ವೈಕಲ್ಯ ದಾಖಲಾಗಿರಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಬಹುಪಾಲು ಅಂಗವಿಕಲರೇ, ಅರ್ಜಿಯ ದಾರಿ ಬಲ್ಲವರು. ಪ್ಯಾನ್, ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರಿಗೆ ಅಗತ್ಯವಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ.

ಈಗ ಸಾಲದ ಮಾತು

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅಂಗವಿಕಲರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಸ್ವಂತ ವಂತಿಗೆ ಶೇ 5 ಸಾಕು. ಸಹಾಯಧನ ಹಳ್ಳಿಯಲ್ಲಿ ಶೇ 35, ನಗರದಲ್ಲಿ ಶೇ 25. ಹಳ್ಳಿಯ 4 ಲಕ್ಷದ ಘಟಕಕ್ಕೆ ನಿಮ್ಮದು 20,000, ಸಹಾಯಧನ 1.40 ಲಕ್ಷ, ಕೊನೆಗೆ ತೀರಿಸಬೇಕಾದ ಅಸಲು 2.40 ಲಕ್ಷ. ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ.

ಇಲ್ಲೊಂದು ಎಚ್ಚರಿಕೆ, ಬಹಳ ಜನ ಎಡವುವ ಜಾಗ. ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ಬೇರೆ ಸರ್ಕಾರಿ ಸಹಾಯಧನ ಪಡೆದ ಘಟಕಕ್ಕೂ ಸಿಗದು. ವಿಕಲಚೇತನರ ಇಲಾಖೆಯ 'ಆಧಾರ' ಯೋಜನೆಯ ಸಣ್ಣ ಸಹಾಯಧನ ಇಂದು ತೆಗೆದುಕೊಂಡರೆ ನಾಳೆ ದೊಡ್ಡ ಬಾಗಿಲು ಮುಚ್ಚಬಹುದು. ಆದ್ದರಿಂದ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ 'ಉದ್ಯಮ್'ಗೂ ಮೊದಲೇ, ಮನೆಮಟ್ಟದ ಪ್ರಯೋಗದ ವಿಷಯವನ್ನೂ ತಿಳಿಸಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ವರ್ಷದ ಮಾರ್ಗಸೂಚಿ ಕೇಳಿಕೊಳ್ಳಿ. ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ಮಧ್ಯವರ್ತಿಯನ್ನು ದೂರವಿಡಿ. ಸಣ್ಣದಾಗಿ ಶುರು ಮಾಡುವವರಿಗೆ ಮುದ್ರಾದ 'ಶಿಶು' ವಿಭಾಗ ಇದೆ, 50,000 ರೂಪಾಯಿವರೆಗೆ ಅಡಮಾನ ಬೇಡ.

ಬ್ಯಾಂಕಿನಲ್ಲಿ ಏನಾಗಬಹುದು ಎಂಬುದಕ್ಕೂ ಸಿದ್ಧರಿರಿ. ದೃಷ್ಟಿ ಇಲ್ಲದ ಯುವಕರೊಬ್ಬರ ಜತೆ ಒಂದು ಶಾಖೆಗೆ ಹೋಗಿದ್ದೆ. ಅಧಿಕಾರಿ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿ, "ಇವರು ಕಂತು ಕಟ್ತಾರಾ?" ಎಂದರು. ಯುವಕ ಫೋನ್ ಮೇಜಿನ ಮೇಲಿಟ್ಟು ಆರು ತಿಂಗಳ ಯುಪಿಐ ಜಮೆಗಳನ್ನು ಗಟ್ಟಿಯಾಗಿ ಓದಿಸಿದರು. ಮೂರನೆಯ ತಿಂಗಳಿಗೆ ಬರುವಷ್ಟರಲ್ಲಿ ಅಧಿಕಾರಿ ಕುರ್ಚಿಯನ್ನು ಅವರತ್ತ ತಿರುಗಿಸಿದ್ದರು. ದೃಷ್ಟಿದೋಷದ ಕಾರಣಕ್ಕೆ ಸೇವೆ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಮನೆಯವರಿಗೊಂದು ಮಾತು. "ಮಾಸಾಶನ ನಿಂತುಹೋದೀತು, ಸುಮ್ಮನಿರು" ಎಂದು ತಡೆಯುವವರು ನೀವೇ ಹೆಚ್ಚು. ಮಾಸಾಶನಕ್ಕೆ ಆದಾಯ ಮಿತಿ ಇರುವುದು ಹೌದು. ನಾಡಕಚೇರಿಯಲ್ಲಿ ಅದನ್ನು ತಿಳಿದುಕೊಂಡು, ದುಡಿಮೆಯಿಂದ ಬರುವುದರ ಜತೆ ಹೋಲಿಸಿ ನೋಡಿ. ನಿರ್ಧಾರ ದುಡಿಯಲು ಹೊರಟವರದೇ ಆಗಿರಲಿ.

ಕೊನೆಗೆ, ಉದ್ಯೋಗಕ್ಕೆ ಹೊರಟ ನಿಮಗೆ ಇನ್ನೊಂದು ಮಾತು. ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಮುಂದಿನ ಗ್ರಾಮಸಭೆಗೆ ಹೋಗಿ. ಆ ಹಣ ಕಳೆದ ವರ್ಷ ಎಲ್ಲಿ ಹೋಯಿತೆಂದು ಎದ್ದು ಕೇಳಿ, ನಿಮ್ಮ ಅಂಗಡಿಗೆ ಬೇಕಾದ ಇಳಿಜಾರು ದಾರಿಗೋ ತಳ್ಳುಗಾಡಿಗೋ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಂಡೇ ಬನ್ನಿ.